ಮೊದಲು ಹಾಡಿದವರ ಶ್ರುತಿ

ಜುಲೈ 3, ಗುರುವಾರ

ಅರ್ಧ ಹೊಲಿದ ಜಂಪರು ಇನ್ನೂ ಮಷಿನ್ನಿನ ಮೇಲೇ ಇತ್ತು, ಕಾಲೇಜಿನ ಅನೀಲಕುಮಾರ ಸರ್ ಬಂದರು. ಇತಿಹಾಸ ಕಲಿಸುವವರು. ಕುರ್ಚಿ ಕೊಟ್ಟರೆ ಕೂರಲಿಲ್ಲ, ನಿಂತಲ್ಲೇ ಸುರು ಮಾಡಿದರು.

"ಸುನಂದಾ ಅವರ, ನಿಮ್ಮ ಮೇಳದಿಂದ ನಮ್ಮ ಕಾಲೇಜಿಗೆ ಒಂದು ವಾದದ ಹಾಡಕಿ ಆಗಬೇಕ್ರಿ. ಹರದೇಶಿ-ನಾಗೇಶಿ ಹಾಡ್ತೀರಲ್ರಿ, ಹಂಗ. ವಿಷಯ ಮಾತ್ರ ಚೀನಾ."

ಬಿ.ಎ. ಕೊನೆಯ ವರ್ಷದ ಹುಡುಗರು ಪ್ರತಿ ಸಲ ಅದೇ ಪಾಠದಲ್ಲಿ ಬೀಳುತ್ತಾರಂತೆ. ನೂರು ವರ್ಷದ ಹಿಂದೆ ಚೀನಾದಲ್ಲಿ ರಾಜ ಹೋಗಿ, ಎರಡು ಪಕ್ಷ ಎದ್ದು, ಕೂಡಿ, ಕಾದಾಡಿದ ಕಥೆ. ಯಾರು ಯಾರ ಕಡೆ ಎಂಬುದೇ ಅವರ ತಲೆಗೆ ಹತ್ತುವುದಿಲ್ಲ. ಹಾಡಾಗಿ ಕೇಳಿದರಾದರೂ ತಲೆಯಲ್ಲಿ ನಿಂತೀತು ಎಂದು ಸರ್ ಆಸೆ. ನನಗೆ ನಗು ಬಂತು. ನಾನು ಬಿ.ಎ.ಯಲ್ಲಿ ಡುಮ್ಕಿ ಹೊಡೆದದ್ದೂ ಅದೇ ಪೇಪರಿನಲ್ಲಿ. ಸರ್‌ಗೆ ಹೇಳಲಿಲ್ಲ.

ಹರದೇಶಿಯವರು ಗಂಡು ಹೆಚ್ಚು ಎನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತೇವೆ. ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ನಮ್ಮದು ನಾಗೇಶಿ. ಚಂದವ್ವಕ್ಕ ಮತ್ತು ನಾನು ಒಂದೇ ಕಡೆ ಕೂತು ಹಾಡುವವರು. ಎದುರಿಗೆ ಹಾಡಲು ಇಂಡಿ ಕಡೆಯ ಹರದೇಶಿ ಮೇಳವನ್ನು ಸರ್ ಕೇಳಿದ್ದರಂತೆ. "ದೇವರ ಪದಾ ಬಿಟ್ಟು ಚೀನಾದ ಪದಾ ನಾವ್ ಹಾಡೂದಿಲ್ರಿ" ಅಂದರಂತೆ ಅವರು. ಹಾಗಾಗಿ ನಮ್ಮ ಮೇಳವನ್ನೇ ಎರಡು ಮಾಡೋಣ ಎಂದು ಸರ್ ಲೆಕ್ಕ. ಒಂದು ಪಕ್ಷ ನನಗೆ, ಇನ್ನೊಂದು ಚಂದವ್ವಕ್ಕನಿಗೆ.

"ಒಂದ ಮೇಳದವರು ಎದುರಾಬದುರಾ ಕೂಡೂದು ಹೆಂಗ್ರಿ ಸರ್?"

"ಚೀನಾದಾಗೂ ಹಂಗ ಆಗಿತ್ರಿ. ಮೊದಲ ಕೂಡಿ ಇದ್ರು. ಆಮ್ಯಾಲ ಎರಡಾದ್ರು."

ಜುಲೈ 26, ಶನಿವಾರಕ್ಕೆ ಒಪ್ಪಿಕೊಂಡೆ.

ಜುಲೈ 8, ಮಂಗಳವಾರ

ದೇವಣಗಾಂವಕ್ಕೆ ಹೋಗಿ ಬಂದೆ. ಚಂದವ್ವಕ್ಕನ ಮನೆಯ ತಗಡಿನ ಬಾಗಿಲು ಎಂದಿನಂತೆ ತೆರೆದೇ ಇತ್ತು. ನನ್ನ ಮಾವ ಬದುಕಿದ್ದಾಗ "ಮಂದಿ ಮುಂದ ಹಾಡೂ ಸೊಸಿ ನಮಗ ಬ್ಯಾಡ" ಎಂದು ನನ್ನನ್ನು ಹೊರಗೆ ಹಾಕಿದ್ದರು. ಅವತ್ತು ಈ ಬಾಗಿಲಿಗೆ ಬಂದು ನಿಂತೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ, ಇನ್ನೊಂದು ತಾಟು ಇಟ್ಟಳು. ಒಂದು ಮಳೆಗಾಲ ಪೂರ್ತಿ ಅಲ್ಲೇ ಉಂಡೆ, ಅಲ್ಲೇ ವಾದದ ಹಾಡು ಕಲಿತೆ. ಆಮೇಲೆ ಮಾವ ತೀರಿಕೊಂಡರು, ನನ್ನ ಗಂಡ ಬಂದು ಕರೆದುಕೊಂಡು ಹೋದರು. ಅಂದಿನಿಂದ ಆ ಬಾಗಿಲಲ್ಲಿ ನಾನು ಕೂಗಿ ಒಳಗೆ ಹೋದವಳೇ ಅಲ್ಲ. ಸೀದಾ ಅಡುಗೆಮನೆಗೇ ಹೋಗುವುದು.

ದಪ್ಪು ಬಾರಿಸುವ ಶಮಶುದ್ದೀನ ಕಾಕಾನೂ ಬಂದಿದ್ದರು. ಅವರು ಎರಡು ಮುಷ್ಟಿ ಮುಂದೆ ಹಿಡಿದರು, ಒಂದರಲ್ಲಿ ಅಡಿಕೆ. ಅಡಿಕೆ ಸಿಕ್ಕವರಿಗೆ ಕುಮಿಂಟಾಂಗ್ ಪಕ್ಷ, ಖಾಲಿ ಮುಷ್ಟಿಗೆ ಕಮ್ಯುನಿಸ್ಟ್ ಪಕ್ಷ. ಅಡಿಕೆ ನನಗೆ ಬಂತು.

"ಅಕ್ಕಾ, ನಿನಗ ಕಮ್ಯುನಿಸ್ಟರು ಬಂದ್ರು ನೋಡು."

"ಬರಲೇಳು. ಅವರೇನ್ ನನ್ನ ಮನ್ಯಾಗ ಉಣ್ಣಾಕ ಬರ್ತಾರೇನ?"

ಹೊರಡುವಾಗ ಅಕ್ಕ ನನ್ನನ್ನು ಕುರಿಹಟ್ಟಿಯ ಕಡೆ ಕರೆದು ಮತ್ತೆ ಅದೇ ಮಾತು ಹೇಳಿದಳು. ಯುಗಾದಿಯಿಂದ ಅವಳ ಗಂಟಲು ಏರುದನಿಗೆ ಹೋದರೆ ಕಚ್ಚಿ ಹಿಡಿಯುತ್ತದೆ. "ಕಾಕಾನ ಮುಂದೂ ಅನಬ್ಯಾಡ ತಂಗಿ. ಗಂಟಲ ಹೋತು ಅಂದ್ರ ಮ್ಯಾಳಾನ ಹೋತು ಅಂತಾರ ಮಂದಿ." ನಾನು ಯಾಕೆ ಹೇಳಲಿ. ಮೂರು ತಿಂಗಳಿಂದ ಅವಳಿಗಾಗಿಯೇ ಶ್ರುತಿ ಇಳಿಸಿ ಹಾಡುತ್ತಿದ್ದೇವೆ. ಕಾಕಾ ಕೇಳಿದರೆ ನನಗೇ ನೆಗಡಿ ಎನ್ನುತ್ತೇನೆ.

ಜುಲೈ 11, ಶುಕ್ರವಾರ

ತಲೆ ಗಿರ್ರನೆ ತಿರುಗುತ್ತಿದೆ. ಬರೆದರೆ ತಿಳಿದೀತೆಂದು ಬರೆಯುತ್ತಿದ್ದೇನೆ.

ರಾಜ ಹೋದ. ರಾಜ ಅಂದರೆ ಆರು ವರ್ಷದ ಕೂಸು. ಸನ್ ಯಾತ್ ಸೇನ್ ಅಧ್ಯಕ್ಷನಾದ. ಚಂದವ್ವಕ್ಕ ಅವನನ್ನು ಸೇನಪ್ಪ ಎನ್ನುತ್ತಾಳೆ, ಈಗ ನನ್ನ ಬಾಯಿಗೂ ಅದೇ ಬರುತ್ತದೆ. ಕೂತು ಎರಡು ತಿಂಗಳಾಗಿತ್ತೋ ಇಲ್ಲವೋ, ಸೇನಪ್ಪ ಕುರ್ಚಿಯನ್ನು ಯುವಾನ್ ಎಂಬ ದಂಡಿನವನಿಗೆ ಬಿಟ್ಟುಕೊಟ್ಟ. ದೇಶ ಒಡೆಯಬಾರದು ಎಂದು. ಆ ಯುವಾನ್ ಕೆಲವು ವರ್ಷ ಬಿಟ್ಟು ತಾನೇ ರಾಜನಾಗಲು ಹೋದ, ಆಗದೆ ಸತ್ತ. ಆಮೇಲೆ ಸೀಮೆಗೊಬ್ಬ ದಂಡನಾಯಕ. ಇವತ್ತು ಇವನ ಜೊತೆ, ನಾಳೆ ಅವನ ಜೊತೆ. ನಡುವೆ ವಿದ್ಯಾರ್ಥಿಗಳು ಬೀದಿಗೆ ಬಂದರು. ಆಮೇಲೆ ಕಮ್ಯುನಿಸ್ಟರು ಹುಟ್ಟಿದರು. ಹುಟ್ಟಿ ಎಲ್ಲಿಗೆ ಹೋದರು? ಕುಮಿಂಟಾಂಗಿನ ಒಳಕ್ಕೇ. ಒಬ್ಬನೇ ಮನುಷ್ಯ ಎರಡೂ ಪಕ್ಷದಲ್ಲಿ ಇರಬಹುದಿತ್ತಂತೆ.

ಇದು ನನಗೆ ಹತ್ತಲೇ ಇಲ್ಲ. ನಮ್ಮಲ್ಲಿ ನಾಗೇಶಿ ಎಂದರೆ ನಾಗೇಶಿ. ಒಮ್ಮೆ ಕೂತ ಕಡೆಯೇ ಸಾಯುವವರೆಗೆ. ಎರಡೂ ಕಡೆ ಕೂಡುವವರನ್ನು ಊರವರು ಕರೆಯುವುದಿಲ್ಲ.

ನನಗಂತೂ ಇಬ್ಬರೂ ಒಂದೇ. ಅಡಿಕೆ ಬಂದದ್ದಕ್ಕೆ ಹಾಡುತ್ತಿದ್ದೇನೆ ಅಷ್ಟೇ.

ಜುಲೈ 15, ಮಂಗಳವಾರ

ಕಾಲೇಜಿನಲ್ಲಿ ತಾಲೀಮು ಇತ್ತು. ಹಿಂದೆ ದನಿಗೂಡಿಸಲು ಇಬ್ಬರಿಗೂ ಮೂರು ಮೂರು ಹುಡುಗಿಯರನ್ನು ಕೊಟ್ಟಿದ್ದಾರೆ.

ಹಾಡಕಿ ಎಂದಮೇಲೆ ಮೊದಲು ಸ್ತುತಿ ಬೇಕು. ಚೀನಾದ ವಾದಕ್ಕೆ ಗಣಪತಿ ಸರಿಬರುವುದಿಲ್ಲ ಎಂದು ನಾನು ಸೇನಪ್ಪನ ಮೇಲೆ ಸ್ತುತಿ ಕಟ್ಟಿದ್ದೆ. ಹಾಡಿ ಮುಗಿಸಿದರೆ ಚಂದವ್ವಕ್ಕ ಎದ್ದು ಅವಳೂ ಸೇನಪ್ಪನದೇ ಸುರು ಮಾಡಬೇಕೆ.

"ಅಕ್ಕಾ, ಸೇನಪ್ಪ ನಮ್ಮಾವ. ಕುಮಿಂಟಾಂಗ್ ಕಟ್ಟಿದಾವನ ಅವಾ."

"ಕಟ್ಟಿದಾವ ಖರೆ. ನಮ್ಮನ್ನ ಒಳಗ ಕರಕೊಂಡಾವನೂ ಅವನ ಅಲಾ? ಅವನ ಹೇಂತಿನ್ನ ಕೇಳು, ಅವಾ ಸತ್ತ ಮ್ಯಾಲ ಯಾರ ಕಡೆ ನಿಂತ್ಲು ಅಂತ."

ಹುಡುಗಿಯರು ನಕ್ಕರು. ನಗುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ. ಸರ್ ಅವರನ್ನು ಕೇಳಿದರೆ "ಇಬ್ಬರೂ ಅಂದದ್ದು ಖರೇನ ಐತ್ರಿ" ಎಂದು ಕನ್ನಡಕ ಒರೆಸಿಕೊಂಡರು. ಇಬ್ಬರದೂ ಖರೆ ಹೇಗಾಗುತ್ತದೆ. ಓದಿದವರ ಕಡೆ ನ್ಯಾಯ ಕೇಳಿದರೆ ಹೀಗೇ.

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ದಪ್ಪು ಒಂದ ಐತಿ, ನಾ ಯಾರ ಕಡೆ ಬಾರಸ್ಲಿ?" ಎಂದರು ಕಾಕಾ.

ಬಸ್‌ಸ್ಟ್ಯಾಂಡಿನವರೆಗೆ ಅಕ್ಕನ ಜೊತೆ ಹೋಗುವುದು ವಾಡಿಕೆ. ಇವತ್ತು ಹೊಲಿಗೆ ಬಹಳ ಇತ್ತು, ಹೋಗಲಾಗಲಿಲ್ಲ.

ಜುಲೈ 18, ಶುಕ್ರವಾರ

ಇವತ್ತು ಪದ ಚೆನ್ನಾಗಿ ಬಂತು. ನಮ್ಮವರು ದಕ್ಷಿಣದಿಂದ ಹೊರಟು ದಂಡನಾಯಕರನ್ನು ಒಬ್ಬೊಬ್ಬರಾಗಿ ಸದೆಬಡಿದು ಬರುವ ಭಾಗ. ರೊಟ್ಟಿ ಬೇಯಿಸುತ್ತ ಅದನ್ನೇ ಹಾಡುತ್ತಿದ್ದೆ. ನಮ್ಮವರು ಎಷ್ಟು ಕಷ್ಟಪಟ್ಟರು ಎಂದು ಇವರಿಗೂ ಹೇಳಿದೆ. ಇವರು ಡ್ಯೂಟಿ ಮುಗಿಸಿ ಬಂದು ಕಂಡಕ್ಟರ್ ಚೀಲ ಇಡುತ್ತಿದ್ದರು.

"ನಿಮ್ಮವರಂದ್ರ ಯಾರು?"

"ಕುಮಿಂಟಾಂಗದವರ್ರಿ."

"ಹೌದಾ. ಸಿಂದಗ್ಯಾಗ ಅವರ ಆಫೀಸ ಎಲ್ಲಿ ಬರ್ತೈತಿ?"

ಈ ಮನುಷ್ಯನಿಗೆ ಎಲ್ಲವೂ ಚೇಷ್ಟೆ. ರೊಟ್ಟಿ ಸೀದು ಹೋಯಿತು.

ಜುಲೈ 21, ಸೋಮವಾರ

ಇವತ್ತು ಸರ್ ಷಾಂಘೈಯ ಕಥೆ ಹೇಳಿದರು. ಅದು ಅಲ್ಲಿಯ ದೊಡ್ಡ ಶಹರ. ಮಾರ್ಚ್ ತಿಂಗಳಲ್ಲಿ ಅಲ್ಲಿನ ಕಾರ್ಮಿಕರು ಎದ್ದು ದಂಡನಾಯಕನ ಸೈನ್ಯವನ್ನು ಓಡಿಸಿ, ನಮ್ಮ ಸೈನ್ಯ ಬರುವ ಮೊದಲೇ ಊರು ಗೆದ್ದಿದ್ದರು. ನಮ್ಮವರಿಗೆ ಒಳಗಿನಿಂದಲೇ ಬಾಗಿಲು ತೆರೆದುಕೊಟ್ಟ ಹಾಗೆ. ಮೂರು ವಾರ ಕಳೆದವು. ಏಪ್ರಿಲಿನಲ್ಲಿ ಒಂದು ನಸುಕಿಗೆ ನಮ್ಮ ಸೇನಾಪತಿ ಚಿಯಾಂಗ್ ಅದೇ ಕಾರ್ಮಿಕರ ಮೇಲೆ ಬಂದೂಕಿನವರನ್ನು ಬಿಟ್ಟ. ಎಷ್ಟು ಮಂದಿ ಸತ್ತರೆಂದು ಈಗಲೂ ಸರಿಯಾಗಿ ಯಾರೂ ಹೇಳುವುದಿಲ್ಲವಂತೆ.

"ಸರ್, ಅವರೂ ಏನರ ಮಾಡಿರಬೇಕಲ್ರಿ" ಎಂದೆ.

"ಪರೀಕ್ಷಾದಾಗ ಕಾರಣ ಕೇಳ್ತಾರ್ರಿ. ಕಾರಣ ಅದಾವು" ಎಂದು ನಾಲ್ಕು ಹೇಳಿದರು. ಬರೆದುಕೊಂಡೆ. ಕಾರಣಗಳು ಚೆನ್ನಾಗಿವೆ. ಆದರೂ ಈ ಭಾಗವನ್ನು ಪದದಲ್ಲಿ ತರುವುದು ಬೇಡ ಎನಿಸಿತು. ಹಾಡು ಉದ್ದವಾಗುತ್ತದೆ.

ಸೇನಪ್ಪನ ಹೆಂಡತಿಗೂ ಚಿಯಾಂಗ್ ಆಮೇಲೆ ಮದುವೆಯಾದವಳಿಗೂ ತಾಯಿ ಒಬ್ಬಳೇ. ಅಕ್ಕ ಆ ಕಡೆ, ತಂಗಿ ಈ ಕಡೆ. ಅಕ್ಕತಂಗಿಯರು ಹಬ್ಬಕ್ಕಾದರೂ ಮಾತಾಡುತ್ತಿದ್ದರೋ ಇಲ್ಲವೋ, ನೋಟ್ಸಿನಲ್ಲಿ ಇಲ್ಲ.

ಸಂಜೆ ಚಂದವ್ವಕ್ಕನ ಫೋನು. ಪಂಚಮಿಗೆ ಎಳ್ಳುಂಡಿ ಕಟ್ಟಲೋ ಶೇಂಗಾ ಉಂಡಿ ಕಟ್ಟಲೋ ಎಂದು ಕೇಳಿದಳು. ನನ್ನ ತಾಯಿ ಹೋದ ಮೇಲೆ ಪ್ರತಿ ಪಂಚಮಿಗೆ ನನ್ನನ್ನು ತವರಿಗೆ ಕರೆದಂತೆ ಕರೆಯುವವಳು ಅವಳೇ. ಯಾವುದಾದರೂ ಕಟ್ಟು ಅಂದೆ. ಆಮೇಲೆ "ಪದಾ ಎಲ್ಲಿಗೆ ಬಂತು?" ಎಂದಳು. ಉಂಡಿಯ ಮಾತು ನೆಪ, ನನ್ನ ಸವಾಲು ಏನೇನೆಂದು ತಿಳಿಯಲು ಮಾಡಿದ್ದು. ನಾನೇನು ಅಷ್ಟು ಹುಚ್ಚಿಯೇ. ಹೇಳಲಿಲ್ಲ.

ಜುಲೈ 24, ಗುರುವಾರ

ಮೊದಲು ಹಾಡಿದವರ ಶ್ರುತಿಗೇ ಎದುರಿನವರೂ ಹಾಡಬೇಕು. ಇದು ಹಿಂದಿನಿಂದ ಬಂದ ಪದ್ಧತಿ, ನಾನು ಮಾಡಿದ್ದಲ್ಲ. ಕುಮಿಂಟಾಂಗ್ ಮೊದಲು ಹುಟ್ಟಿದ್ದು, ಹಾಗಾಗಿ ನಾನೇ ಮೊದಲು ಎಂದು ಸರ್‌ಗೆ ಹೇಳಿ ಒಪ್ಪಿಸಿದೆ.

ಕಾಕಾನಿಗೆ ಶ್ರುತಿ ಹಿಡಿಯುವ ತುಂತುಣಿಯ ತಂತಿ ಬಿಗಿ ಮಾಡಲು ಹೇಳಿದೆ. ಅವರು ಮಾಡಿದರು. ಇನ್ನೂ ಅಂದೆ. ಬಾರಿಸಿ ನೋಡಿ ನನ್ನ ಮುಖ ನೋಡಿದರು.

"ಈ ವರ್ಷ ಇಷ್ಟ ಏರ್ಸಿ ಹಾಡೇ ಇಲ್ಲಲ್ಲವ್ವಾ ನೀವು. ನೆಗಡಿ ಹೋತೇನು?"

"ಹೋತ್ರಿ ಕಾಕಾ. ಸಭಾ ದೊಡ್ಡದೈತಿ, ದನಿ ಹಿಂದಿನ ಮಂದಿಗೆ ಮುಟ್ಟಬೇಕ್ರಿ."

ಇದರಲ್ಲಿ ಸುಳ್ಳೇನಿಲ್ಲ. ಸಭಾಂಗಣ ದೊಡ್ಡದೇ ಇದೆ.

ಜುಲೈ 26, ಶನಿವಾರ

ಮುಗಿಯಿತು. ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ, ಖುಷಿಗೆ ಇರಬೇಕು.

ಸಭಾಂಗಣ ತುಂಬಿತ್ತು. ನಾನು ಸೇನಪ್ಪನ ಸ್ತುತಿ ಎತ್ತಿಕೊಂಡೆ. ಏರು ಶ್ರುತಿಯಲ್ಲಿ ನನ್ನ ದನಿ ಹಿಂದಿನ ಗೋಡೆಗೆ ಹೋಗಿ ಬಡಿಯಿತು. ಎದುರಿಗೆ ಕೂತಿದ್ದ ಚಂದವ್ವಕ್ಕ ತುಂತುಣಿಯ ಮೊದಲ ಮೀಟಿಗೇ ತಲೆ ಎತ್ತಿದ್ದಳು. ತುಂತುಣಿ ನೋಡಿದಳು. ಕಾಕಾನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಸಿಟ್ಟಿನಿಂದಲ್ಲ. ಜಾತ್ರೆಯಲ್ಲಿ ಕೈ ಬಿಟ್ಟುಹೋದವರನ್ನು ಹುಡುಕುವಾಗ ನೋಡುತ್ತಾರಲ್ಲ, ಹಾಗೆ.

ಮೊದಲ ಪದ ಹೇಗೋ ಹಾಡಿದಳು. ಎರಡನೆಯದರಲ್ಲಿ ದನಿ ಒಡೆಯಿತು. ಮೂರನೆಯದಕ್ಕೆ ಬರೀ ಗಾಳಿ. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು. ಅವಳ ಹಿಂದಿನ ಹುಡುಗಿಯರು ಏನು ಮಾಡಬೇಕೆಂದು ತಿಳಿಯದೆ ಬರೀ ಗೀಯ ಗೀಯ ಎನ್ನುತ್ತಿದ್ದರು. ಅಕ್ಕ ಕೈ ಎತ್ತಿ ದಪ್ಪು ನಿಲ್ಲಿಸಿದಳು. ಕೊನೆಯ ಸವಾಲನ್ನು ಹಾಡಲಿಲ್ಲ, ನನ್ನ ಹತ್ತಿರ ಬಾಗಿ ಅಂದಳು.

"ಊರ ಬಾಗಲಾ ಒಳಗಿಂದ ತೆರದವರು ಯಾರು, ತಂಗಿ? ತೆರದ ಬಾಗಲದಾಗ ಹೊಕ್ಕವರು ಯಾರು?"

ಮೈಕು ನನ್ನ ಕಡೆ ಇತ್ತು. ಸಭೆಗೆ ಅದು ಕೇಳಲಿಲ್ಲ. ಸವಾಲಿಗೆ ಜವಾಬು ಬಾರದೆ ಮಂಗಳ ಹಾಡಬಾರದು ಎಂಬುದು ನಮ್ಮ ಮೇಳದ ಕಟ್ಟು. ಆದರೆ ಹಾಡದೆ ಕೇಳಿದ ಸವಾಲು ಸವಾಲೇ ಅಲ್ಲವಲ್ಲ. ಹೊತ್ತೂ ಆಗಿತ್ತು, ಸರ್ ಗಡಿಯಾರ ನೋಡುತ್ತಿದ್ದರು. ನಾನು ಮಂಗಳ ಎತ್ತಿಕೊಂಡೆ. ಮಂಗಳಕ್ಕೆ ಎರಡೂ ಕಡೆಯವರು ಕೂಡಿ ಹಾಡಬೇಕು. ಒಬ್ಬಳೇ ಹಾಡಿದೆ.

ಚಪ್ಪಾಳೆ ಬಹಳ ಹೊತ್ತು ಬಿತ್ತು. ನಮ್ಮವರು ಗೆದ್ದರು ಎಂದು ಸಾರಿದರು.

ಜುಲೈ 27, ಭಾನುವಾರ

ಹುಡುಗಿಯರು ನನ್ನ ಹಾಡನ್ನು ಸ್ಟೇಟಸ್ ಇಟ್ಟಿದ್ದಾರೆ. ನೋಡಿದೆ. ಎಡಗಡೆ ಮೂಲೆಯಲ್ಲಿ ಅಕ್ಕನ ಮೊಳಕಾಲು ಕಾಣುತ್ತದೆ.

ರಾತ್ರಿ ನಿದ್ದೆ ಬಂದಿರಲಿಲ್ಲ. ಕಾಲೇಜಿನ ಚಹಾ ಬಹಳ ಕಡಕ್ ಇತ್ತು.

ಜುಲೈ 29, ಮಂಗಳವಾರ. ಪಂಚಮಿ

ಕರೆಯಲು ಯಾರೂ ಬರಲಿಲ್ಲ.

ಇವರೇ ಬಾದಾಮಿ ಗಿಡಕ್ಕೆ ಹಗ್ಗ ಕಟ್ಟಿ ಜೋಕಾಲಿ ಮಾಡಿದರು. ಓಣಿಯ ಹೆಂಗಸರೆಲ್ಲ ಆಡಿದರು, ನನ್ನನ್ನೂ ಕೂರಿಸಿದರು. ಒಂದೆರಡು ಸಲ ಜೀಕಿ ಇಳಿದೆ, ತಲೆ ತಿರುಗಿತು. ಬೇಕರಿಯಿಂದ ತಂದ ಉಂಡಿ ಯಾರೂ ಮುಟ್ಟಲಿಲ್ಲ.

"ಈ ವರ್ಷ ದೇವಣಗಾಂವಕ್ಕ ಹೋಗೂದಿಲ್ಲೇನು?" ಎಂದರು ಇವರು.

"ಕರದಿಲ್ರಿ."

"ಕರೀಲಿ ಅಂತ ಯಾವಾಗ ಕುಂತಿದ್ದಿ ನೀ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಹಾಡಕಿಯಲ್ಲಿ ಸೋತವರು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಹರದೇಶಿಯವರಿಗೆ ನಾವೂ ಎಷ್ಟೋ ಸಲ ಸೋತಿದ್ದೇವೆ, ಸೋತು ಕೂಡಿ ಉಂಡಿದ್ದೇವೆ.

ಆಗಸ್ಟ್ 2, ಶನಿವಾರ

ಶಮಶುದ್ದೀನ ಕಾಕಾ ಬಂದರು. ತುಂತುಣಿ ತಂದು ನನ್ನ ಮಷಿನ್ನಿನ ಮೇಲೆ ಇಟ್ಟರು.

"ಚಂದವ್ವನ್ನ ವಿಜಾಪೂರಕ್ಕ ಕರಕೊಂಡು ಹೋಗಿದ್ರು. ಗಂಟಲಾಗ ಗಂಟು ಐತಂತ. ಮಾತಾಡಬ್ಯಾಡ ಅಂದಾರ ಡಾಕ್ಟರು. ಹಾಡೂದಂತೂ ಮುಗೀತು."

ಯಾವಾಗಿನಿಂದ ಎಂದು ಕೇಳಿದೆ. ಬಾಯಿಗೆ ಬಂದದ್ದು ಅದೇ.

"ಯುಗಾದಿಯಿಂದ ಅಂತ. ನಿನಗ ಗೊತ್ತಿತ್ತು ಅಂತ ಆಕಿ ಹೇಳ್ಲಿಲ್ಲ. ನಾ ತುಂತುಣಿ ಬಿಗಿ ಮಾಡಿದಾವ, ನಾನ ತಿಳಕೊಂಡೆ."

ಏರು ಹಾಡಿದ್ದಕ್ಕೆ ಗಂಟು ಆಗುವುದಿಲ್ಲ, ಮೊದಲೇ ಇತ್ತು ಎಂದೆ. ಅವರು ಹೌದವ್ವ, ಮೊದಲೇ ಇತ್ತು ಅಂದರು. ಚಹಾ ಕುಡಿಯದೆ ಹೋದರು. ತಂತಿ ಇನ್ನೂ ಅವತ್ತಿನಷ್ಟೇ ಬಿಗಿಯಾಗಿತ್ತು. ಸಡಿಲು ಮಾಡಿದೆ. ಎಷ್ಟು ಇಳಿಸಬೇಕೆಂದು ಕೈಗೆ ಗೊತ್ತಿತ್ತು.

ಆಗಸ್ಟ್ 5, ಮಂಗಳವಾರ

ದೇವಣಗಾಂವದ ಬಸ್ಸಿನಲ್ಲಿ ಹೋಗುವಾಗ ಸರ್ ಹೇಳಿದ ಆ ನಾಲ್ಕು ಕಾರಣ ನೆನಪು ಮಾಡಿಕೊಂಡೆ. ಹಾಡಲು ಹೋದರೆ ಒಂದೂ ದಪ್ಪಿನ ಪೆಟ್ಟಿಗೆ ಕೂರುವುದಿಲ್ಲ.

ತಗಡಿನ ಬಾಗಿಲು ತೆರೆದಿತ್ತು. ಒಳಗೆ ಹೋದೆ. ಅಕ್ಕ ಒಲೆಯ ಮುಂದೆ ಕೂತಿದ್ದಳು, ಕೊರಳಿಗೆ ಮಫ್ಲರು. ನನ್ನನ್ನು ನೋಡಿ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. ಚೀಲದಿಂದ ತುಂತುಣಿ ತೆಗೆದೆ. ನಾಲ್ಕು ತಿಂಗಳು ಕೂಡಿ ಹಾಡಿದ ಇಳಿ ಶ್ರುತಿ. ಜವಾಬು ಹಾಡಿದೆ.

ತೆರೆದವರು ಅವರೇ ಅಕ್ಕಾ, ಹೊಕ್ಕವರು ನಾವ,
ಹೊಕ್ಕ ಮ್ಯಾಲ ಬಾಗಲಾ ಹಾಕಿದವರೂ ನಾವ.

ಇಷ್ಟೇ ಬಂತು. ಅಳು ಬಂದು ಮುಂದೆ ಹಾಡಲಾಗಲಿಲ್ಲ. ನಾನು ಚೀನಾದ ಸಲುವಾಗಿ ಅತ್ತೆನೋ ಯಾಕೆ ಅತ್ತೆನೋ.

ಅಕ್ಕ ತಾಟು ಇಟ್ಟಳು. ನಾನು ಉಣ್ಣುವವರೆಗೆ ಉಳಿದ ರೊಟ್ಟಿ ಬಡಿದಳು. ಆಮೇಲೆ, ಡಾಕ್ಟರು ಬೇಡ ಅಂದರೂ, ಪಿಸುದನಿಯಲ್ಲಿ ಹೇಳಿದಳು.

"ಜವಾಬ ಛಲೋ ಐತಿ. ಬಾಗಲಾ ನಾ ಹಾಕೂದಿಲ್ಲ, ತೆರದ ಇರ್ತೈತಿ. ಆದ್ರ ಇನ್ನ ಮ್ಯಾಲ ಬರೂ ಮುಂದ ಹೊರಗ ನಿಂತು ಕೂಗು."

ಆಯಿತು ಅಂದೆ. ಅಂದರೆ, ಬಾ ಎಂದ ಹಾಗೇ. ಬರಬೇಡ ಅನ್ನಲಿಲ್ಲವಲ್ಲ. ವಾಪಸ್ ಬರುವಾಗ ಮನಸ್ಸು ಸ್ವಲ್ಪ ಹಗುರಾಗಿತ್ತು.

ಆಗಸ್ಟ್ 19, ಮಂಗಳವಾರ

ಅಕ್ಕನಿಗೆ ಎರಡು ಜಂಪರು ಹೊಲಿದಿದ್ದೆ. ಕೊಡಲು ಹೋದೆ. ಬಾಗಿಲು ತೆರೆದಿತ್ತು. ಹೊಗೆ, ರೊಟ್ಟಿಯ ವಾಸನೆ, ಬಳೆಯ ಸಪ್ಪಳ ಎಲ್ಲವೂ ಹೊರಗಿನವರೆಗೆ ಬರುತ್ತಿತ್ತು. ಹೊಸ್ತಿಲ ಈಚೆ ನಿಂತು "ಅಕ್ಕಾ" ಎಂದು ಕೂಗಿದೆ.

ಹನ್ನೊಂದು ವರ್ಷ ಅವಳ ಪಕ್ಕದಲ್ಲೇ ಕೂತು ಹಾಡಿದ ದನಿ ಇದು.

"ಯಾರು?" ಎಂದಳು ಒಳಗಿನಿಂದ.

"ನಾ ಸುನಂದಾ" ಅಂದೆ. ಒಳಗೆ ಬಾ ಅನ್ನುವವರೆಗೆ ನಿಂತಿದ್ದೆ.